ಮೊಬೈಲ್ ಮೂಲಕ ವಾಹನ ದೋಷ ಪರಿಶೀಲನೆ: ತಾಲೂಕು ಸ್ಥಳದ ಗ್ಯಾರೇಜುಗಳಿಗೆ ಒಂದು ಲೆಕ್ಕಾಚಾರ

ರಾಯಬಾಗ, ಕುಡಚಿ, ಹಾರೂಗೇರಿ, ಚಿಕ್ಕೋಡಿ, ಅಥಣಿ ಭಾಗದ ವ್ಯಾಪಾರವು ಬಹುಮಟ್ಟಿಗೆ ಸಣ್ಣ ಸರಕು ವಾಹನಗಳನ್ನು ಅವಲಂಬಿಸಿದೆ. ತರಕಾರಿ, ಹಾಲು, ಗೊಬ್ಬರ, ಕಿರಾಣಿ ಮಾಲು ಎಲ್ಲವೂ ಪಿಕಪ್ ವಾಹನಗಳಲ್ಲಿಯೇ ಸಾಗುತ್ತವೆ. ಇಂಥ ವಾಹನವೊಂದರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಾಗ ಮಾಲೀಕನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಬೆಳಗಾವಿಗೋ ಗಡಿಯಾಚೆಯ ಸಾಂಗಲಿ, ಕೊಲ್ಹಾಪುರಗಳಿಗೋ ವಾಹನವನ್ನು ಒಯ್ದು ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಸರದಿ ಕಾಯುವುದು. ಇನ್ನೊಂದು, ಊರಿನ ಮಿಸ್ತ್ರಿಯ ಅಂದಾಜನ್ನು ನಂಬಿ ಬಿಡಿಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋಗುವುದು. ಮೊದಲನೆಯದರಲ್ಲಿ ದುಡಿಮೆಯ ದಿನಗಳು ಹೋಗುತ್ತವೆ, ಎರಡನೆಯದರಲ್ಲಿ ಹಣ ಹೋಗುತ್ತದೆ. ಸ್ಮಾರ್ಟ್‌ಫೋನ್ ಅಥವಾ ಟ್ಯಾಬ್ಲೆಟ್ ಬಳಸಿ ನಿಸ್ತಂತು ಮಾರ್ಗದಿಂದ ಎಂಜಿನ್ನಿನ ದೋಷ ತಿಳಿಯುವ ವಿಧಾನವು ಈ ಎರಡರ ನಡುವಣ ಮಾರ್ಗವಾಗಿದೆ. ಅದರಿಂದ ಎಷ್ಟು ಪ್ರಯೋಜನ, ಎಲ್ಲಿಯವರೆಗೆ ಎಂಬುದನ್ನು ಗ್ಯಾರೇಜು ಮಾಲೀಕರೂ ವಾಹನವಿರುವ ವರ್ತಕರೂ ಅರಿತಿರಬೇಕು.

ವ್ಯವಸ್ಥೆಯ ಸ್ವರೂಪ

ಇಂದಿನ ವಾಹನಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಒಂದು ಗಣಕ ಘಟಕವಿರುತ್ತದೆ. ಇಂಧನದ ಒತ್ತಡ, ಗಾಳಿಯ ಪ್ರಮಾಣ, ನೀರಿನ ಉಷ್ಣತೆ, ಹೊಗೆಯಲ್ಲಿನ ಆಮ್ಲಜನಕ ಇವುಗಳನ್ನು ಸೆನ್ಸರುಗಳು ಅಳೆದು ಈ ಘಟಕಕ್ಕೆ ತಿಳಿಸುತ್ತವೆ. ಅಳತೆ ಮಿತಿ ಮೀರಿದಾಗ ಘಟಕವು ಒಂದು ದೋಷ ಸಂಕೇತವನ್ನು ದಾಖಲಿಸಿ ದೀಪ ಹೊತ್ತಿಸುತ್ತದೆ. ಇದಕ್ಕೆ ಓಬಿಡಿ ವ್ಯವಸ್ಥೆಯೆಂದು ಹೆಸರು. ಅಮೆರಿಕೆಯಲ್ಲಿ 1996ರ ಮಾದರಿಯ ಕಾರುಗಳಿಂದ ಇದರ ಎರಡನೆಯ ಹಂತ ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಭಾಗದಲ್ಲಿ ಸಾಮಾನ್ಯವಾಗಿ ಕಾಣುವ 16 ಪಿನ್ನಿನ ಸಾಕೆಟ್ ಇದರದೇ. ಬೆರಳುಗಾತ್ರದ ಅಡಾಪ್ಟರನ್ನು ಅದಕ್ಕೆ ಸಿಕ್ಕಿಸಿ, ಕೀಲಿ ತಿರುಗಿಸಿ, ಬ್ಲೂಟೂತ್ ಅಥವಾ ವೈಫೈ ಮೂಲಕ ಮೊಬೈಲಿಗೆ ಜೋಡಿಸಿದರೆ ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪ್‌ಗಳಲ್ಲಿ ಸಂಕೇತಗಳೂ ಚಾಲನೆಯಲ್ಲಿರುವ ಎಂಜಿನ್ನಿನ ಅಳತೆಗಳೂ ಕಾಣುತ್ತವೆ.

ಭಾರತದಲ್ಲಿ ಭಾರತ್ ಸ್ಟೇಜ್ 4 ವಾಹನಗಳಿಗೆ ಓಬಿಡಿ ಎರಡನೆಯ ಹಂತವು 1 ಏಪ್ರಿಲ್ 2013ರಿಂದ ಅನ್ವಯವಾಯಿತು. ಆದರೆ ಗಮನಿಸಬೇಕಾದ ಅಂಶವೊಂದಿದೆ. ಸ್ಟೇಜ್ 4 ನಿಯಮವು 2010ರಲ್ಲಿ 13 ಮಹಾನಗರಗಳಲ್ಲಿ ಆರಂಭವಾಗಿ ಇಡೀ ದೇಶಕ್ಕೆ ವಿಸ್ತರಿಸಿದ್ದು 1 ಏಪ್ರಿಲ್ 2017ರಂದು. ಆದ್ದರಿಂದ ನಮ್ಮ ಭಾಗದಲ್ಲಿ 2014 ಅಥವಾ 2015ರಲ್ಲಿ ಕೊಂಡ ವಾಹನವು ಸ್ಟೇಜ್ 3ರದ್ದಾಗಿದ್ದು, ಸಾಕೆಟ್ ಇದ್ದರೂ ಮೊಬೈಲಿಗೆ ಉತ್ತರ ಕೊಡದಿರುವ ಸಾಧ್ಯತೆಯಿದೆ. ವರ್ಷವನ್ನಷ್ಟೇ ನೋಡದೆ ವಾಹನವು ಯಾವ ಸ್ಟೇಜಿನದೆಂಬುದನ್ನು ದಾಖಲೆಯಲ್ಲಿ ನೋಡುವುದು ಲೇಸು. ಸ್ಟೇಜ್ 6 ಜಾರಿಯಾದ 1 ಏಪ್ರಿಲ್ 2020ರ ನಂತರದ ಕಾರು, ಪಿಕಪ್‌ಗಳಲ್ಲಿ ಈ ಪ್ರಶ್ನೆಯಿಲ್ಲ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಮಾತು ಬೇರೆ. ಅವುಗಳಿಗೆ ಪ್ರತ್ಯೇಕ ನಿಯಮಗಳಿದ್ದು, ಯಾಂತ್ರಿಕ ಇಂಧನ ಪಂಪಿರುವ ಟ್ರ್ಯಾಕ್ಟರಿಗೆ ಈ ಅಡಾಪ್ಟರ್ ನಿರುಪಯೋಗಿ. 24 ವೋಲ್ಟಿನ ಲಾರಿಗಳಿಗೆ ಅವುಗಳಿಗೆಂದೇ ತಯಾರಾದ ಉಪಕರಣ ಬೇಕು.

ಸಂಕೇತವು ಕಿರ್ದಿಯ ನಮೂದಿನಂತೆ

ಸಂಜೆ ಕಿರ್ದಿ ಮುಗಿಸುವಾಗ ರೊಕ್ಕ ಐದು ನೂರು ಕಡಿಮೆ ಬಿದ್ದರೆ, ಕಡಿಮೆ ಬಿದ್ದಿದೆಯೆಂದಷ್ಟೇ ಕಿರ್ದಿ ಹೇಳುತ್ತದೆ. ಏಕೆಂಬುದನ್ನು ಪಾವತಿಗಳನ್ನು ತಿರುವಿ ಹುಡುಕಬೇಕು. ದೋಷ ಸಂಕೇತವೂ ಅಷ್ಟೇ. ಡೀಸೆಲ್ ಪಿಕಪ್ ಒಂದರಲ್ಲಿ ‘ಪಿ 0087’ ಎಂಬ ಸಂಕೇತ ಬಂದಿದೆಯೆನ್ನೋಣ. ಇಂಧನ ರೈಲಿನಲ್ಲಿ ಒತ್ತಡ ಕಡಿಮೆಯೆಂಬುದು ಅದರ ಅರ್ಥ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಹೈಪ್ರೆಷರ್ ಪಂಪು ಸವೆದಿರಬಹುದು. ಒತ್ತಡ ಅಳೆಯುವ ಸೆನ್ಸರೇ ಅಥವಾ ಅದರ ವೈರೇ ಕೆಟ್ಟಿರಬಹುದು. ಸಂಕೇತವನ್ನು ಓದಿದೊಡನೆ ಇಂಜೆಕ್ಟರ್ ಬದಲಾಯಿಸಿದವನು ಗಿರಾಕಿಯ ಹಣದೊಂದಿಗೆ ಜೂಜಾಡಿದಂತೆ. ಫಿಲ್ಟರಿಗೆ 900 ರೂ., ನಾಲ್ಕು ಇಂಜೆಕ್ಟರುಗಳಿಗೆ 48,000 ರೂ. ಎಂದು ಲೆಕ್ಕಕ್ಕೆ ಹಿಡಿದರೂ ಯಾವುದನ್ನು ಮೊದಲು ನೋಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಎಂಜಿನ್ ನಿಂತಲ್ಲೇ ಓಡುವಾಗ ಮತ್ತು ಭಾರ ಎಳೆಯುವಾಗ ರೈಲಿನ ಒತ್ತಡ ಹೇಗೆ ಬದಲಾಗುತ್ತದೆಂಬುದನ್ನು ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ನಿಸ್ತಂತು ವಿಧಾನದ ನಿಜವಾದ ಲಾಭ ಇಲ್ಲಿಯೇ ಇದೆ. ವೈರಿನ ಸ್ಕ್ಯಾನರ್ ಇದ್ದಾಗ ಮೆಕ್ಯಾನಿಕ್ ಡ್ರೈವರ್ ಸೀಟಿನ ಹತ್ತಿರವೇ ಇರಬೇಕಾಗುತ್ತಿತ್ತು. ಈಗ ಬಾನೆಟ್ ತೆರೆದು, ಟ್ಯಾಬ್ಲೆಟನ್ನು ಪಕ್ಕದಲ್ಲಿಟ್ಟುಕೊಂಡು, ಅನುಮಾನವಿರುವ ವೈರನ್ನು ಅಲುಗಾಡಿಸಿ ಅಳತೆ ಏರುಪೇರಾಗುತ್ತದೆಯೇ ಎಂದು ಒಬ್ಬನೇ ನೋಡಬಹುದು. ರಸ್ತೆಯ ಮೇಲೆ ಪರೀಕ್ಷಿಸುವಾಗ ಮಾತ್ರ ಪಕ್ಕದಲ್ಲಿ ಕುಳಿತವನು ಪರದೆ ನೋಡಬೇಕು, ಚಾಲಕನಲ್ಲ.

ಅಗ್ಗದ ಅಡಾಪ್ಟರು, ಹಳೆಯ ವಾಹನ

ಪೇಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಬಹುತೇಕ ಅಡಾಪ್ಟರುಗಳು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ‘ಎಲ್ಮ್ 327’ ಚಿಪ್ಪಿನ ನಕಲುಗಳು. ಮೂಲ ಸಂಸ್ಥೆಯು 2022ರಲ್ಲಿ ತನ್ನ ವ್ಯವಹಾರವನ್ನೇ ಮುಚ್ಚಿತು. ‘ಆವೃತ್ತಿ 1.5’ ಎಂಬ ಚೀಟಿಯೊಡನೆ ಬರುವ ಅಡಾಪ್ಟರುಗಳ ವಿಚಾರದಲ್ಲಿ ಹೇಳುವುದಾದರೆ, ಮೂಲ ಸಂಸ್ಥೆ ಆ ಸಂಖ್ಯೆಯ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ನಕಲೆಂದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲವೆಂದಲ್ಲ. ಆದರೆ ಕೆಲವು ಆಜ್ಞೆಗಳಿಗೆ ಉತ್ತರಿಸದೆ ಇರುವುದು, ನಡುವೆ ಸಂಪರ್ಕ ಕಡಿದುಕೊಳ್ಳುವುದು ಇವುಗಳಲ್ಲಿ ಸಾಮಾನ್ಯ. ಹಳೆಯ ಮಾದರಿಯ ಬ್ಲೂಟೂತ್ ಅಡಾಪ್ಟರ್ ಆಂಡ್ರಾಯ್ಡ್ ಫೋನಿಗೆ ಸರಿಹೋಗುತ್ತದೆ, ಐಫೋನಿಗೆ ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಮಾದರಿ ಬೇಕು. ಕೆಲಸ ಮುಗಿದ ಮೇಲೆ ಅಡಾಪ್ಟರನ್ನು ಕಿತ್ತಿಡಬೇಕು. ಸಾಕೆಟ್ಟಿನ 16ನೆಯ ಪಿನ್ನಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಬರುವುದರಿಂದ ಕೀಲಿ ತೆಗೆದ ನಂತರವೂ ಅದು ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ.

ಹಳೆಯ ವಾಹನ ಕೊಳ್ಳುವ ವರ್ತಕರಿಗೆ ಇದೇ ಅಗ್ಗದ ಅಡಾಪ್ಟರ್ ದೊಡ್ಡ ಉಪಕಾರ ಮಾಡಬಲ್ಲುದು. ಮಾರುವವನು ಬೆಳಿಗ್ಗೆಯಷ್ಟೇ ಸಂಕೇತ ಅಳಿಸಿ ದೀಪ ಆರಿಸಿ ತಂದಿದ್ದರೆ ಕಣ್ಣಿಗೆ ತಿಳಿಯದು. ಆದರೆ ಸಂಕೇತ ಅಳಿಸಿದಾಗ ಘಟಕದ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿದುಹೋಗಿ, ಆ್ಯಪ್‌ನಲ್ಲಿ ಅವು ‘ಅಪೂರ್ಣ’ ಎಂದು ಕಾಣುತ್ತವೆ. ಸಂಕೇತ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆಯೆಂಬುದನ್ನೂ ಅನೇಕ ವಾಹನಗಳು ತೋರಿಸುತ್ತವೆ. ಮೀಟರಿನಲ್ಲಿ 80,000 ಕಿ.ಮೀ. ಇದ್ದು ಇಲ್ಲಿ 12 ಕಿ.ಮೀ. ಎಂದಿದ್ದರೆ ಮುಂಗಡ ಕೊಡುವ ಮುನ್ನ ಕಾರಣ ಕೇಳಲೇಬೇಕು. ಹಲವು ವಾಹನಗಳಲ್ಲಿ ಚಾಸಿ ಸಂಖ್ಯೆಯೂ ಪರದೆಯಲ್ಲಿ ಮೂಡುತ್ತದೆ, ಆರ್‌ಸಿಯೊಡನೆ ತಾಳೆ ನೋಡಬಹುದು.

ದೊಡ್ಡ ಉಪಕರಣದ ಲೆಕ್ಕ

ಸಾಮಾನ್ಯ ಆ್ಯಪ್‌ಗಳು ಮುಖ್ಯವಾಗಿ ಹೊಗೆ ನಿಯಮಕ್ಕೆ ಸಂಬಂಧಿಸಿದ ಎಂಜಿನ್ ಮಾಹಿತಿಯನ್ನು ಓದುತ್ತವೆ. ಏರ್‌ಬ್ಯಾಗ್, ಬ್ರೇಕ್ ಘಟಕ, ಹೊಸ ಇಂಜೆಕ್ಟರಿನ ಕೋಡ್ ದಾಖಲಿಸುವುದು ಮುಂತಾದವಕ್ಕೆ ತಯಾರಕರ ಮಾಹಿತಿಯುಳ್ಳ ವೃತ್ತಿಪರ ಉಪಕರಣ ಬೇಕು. ಇದನ್ನು ಸ್ವತಂತ್ರ ಗ್ಯಾರೇಜುಗಳಿಗೆ ಕೊಡದಿರುವುದೇ ಹಿಂದೆ ದೊಡ್ಡ ವಿವಾದವಾಗಿತ್ತು. ಭಾರತೀಯ ಸ್ಪರ್ಧಾ ಆಯೋಗವು ಆಗಸ್ಟ್ 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂ.ಗೂ ಮಿಕ್ಕಿದ ದಂಡ ವಿಧಿಸಿತು. ಬಿಡಿಭಾಗಗಳ ಜೊತೆಗೆ ದೋಷ ಪರಿಶೀಲನಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಆ ಆದೇಶದ ಮುಖ್ಯ ಅಂಶಗಳಲ್ಲೊಂದು. ಆದೇಶ ಮೇಲ್ಮನವಿಗೆ ಹೋಯಿತು. ಆದರೂ ತಾಲೂಕು ಸ್ಥಳದ ಗ್ಯಾರೇಜಿನ ಹಕ್ಕಿನ ಪ್ರಶ್ನೆಯನ್ನು ಅದು ಸ್ಪಷ್ಟವಾಗಿ ಮುಂದಿಟ್ಟಿತು.

ರಾಯಬಾಗದ ಗ್ಯಾರೇಜು ಮಾಲೀಕರೊಬ್ಬರು ಟ್ಯಾಬ್ಲೆಟ್ ಸಹಿತ ನಿಸ್ತಂತು ಉಪಕರಣವನ್ನು 60,000 ರೂ.ಗೆ ಕೊಳ್ಳುತ್ತಾರೆಂದು ಭಾವಿಸೋಣ. ಆಯುಷ್ಯ ನಾಲ್ಕು ವರ್ಷವೆಂದರೆ ವರ್ಷಕ್ಕೆ 15,000 ರೂ. ಸವಕಳಿ, ಸಾಫ್ಟ್‌ವೇರ್ ನವೀಕರಣಕ್ಕೆ ಇನ್ನೂ 15,000 ರೂ. ಒಂದು ಪರಿಶೀಲನೆಗೆ 300 ರೂ. ಪಡೆದರೆ ವರ್ಷಕ್ಕೆ 100 ವಾಹನಗಳಿಗೆ ಖರ್ಚು ಸರಿದೂಗುತ್ತದೆ, ಅಂದರೆ ವಾರಕ್ಕೆ ಎರಡು. ಅಷ್ಟು ಬಾರದಿದ್ದಲ್ಲಿ ಒಂದೇ ರಸ್ತೆಯ ಮೂರು ಗ್ಯಾರೇಜುಗಳು ಲಿಖಿತ ಒಪ್ಪಂದದೊಡನೆ ಕೂಡಿ ಕೊಳ್ಳಬಹುದು. ನವೀಕರಣದ ವಾರ್ಷಿಕ ಶುಲ್ಕವನ್ನು ಖರೀದಿಗೆ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಅಗತ್ಯ. ಅನೇಕರು ಯಂತ್ರದ ಬೆಲೆಯನ್ನಷ್ಟೇ ಚೌಕಾಸಿ ಮಾಡುತ್ತಾರೆ.

ಪರಿಶೀಲನಾ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸುವುದು ನಮ್ಮಲ್ಲಿ ಇನ್ನೂ ರೂಢಿಯಾಗಿಲ್ಲ. ‘ನೋಡಿದ್ದಕ್ಕೂ ರೊಕ್ಕವೇ?’ ಎಂದು ಗಿರಾಕಿ ಕೇಳುತ್ತಾನೆಂಬ ಸಂಕೋಚದಿಂದ ಆ ಶ್ರಮದ ಬೆಲೆಯನ್ನು ಬಿಡಿಭಾಗದ ಲಾಭದಲ್ಲಿ ಸೇರಿಸಲಾಗುತ್ತದೆ. ಹೀಗಾದಾಗ ಭಾಗ ಬದಲಾಯಿಸಿದರೆ ಮಾತ್ರ ಗಳಿಕೆ ಎಂಬ ಸ್ಥಿತಿ ಬಂದು, ಅನಗತ್ಯ ಬದಲಾವಣೆಗೆ ಅದೇ ಪ್ರೇರಣೆಯಾಗುತ್ತದೆ. ದುರಸ್ತಿಗೆ ಮುಂಚಿನ ಮತ್ತು ನಂತರದ ಪರದೆಯ ಚಿತ್ರಗಳನ್ನು ದಿನಾಂಕದೊಡನೆ ಜಾಬ್ ಕಾರ್ಡಿಗೆ ಸೇರಿಸಿದರೆ ಶುಲ್ಕಕ್ಕೂ ಆಧಾರ ಸಿಗುತ್ತದೆ, ಉದ್ರಿ ವಸೂಲಿಯ ತಕರಾರಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಜಿಎಸ್‌ಟಿ ನೋಂದಣಿಯುಳ್ಳ ಗ್ಯಾರೇಜು ತನ್ನ ಸಂಖ್ಯೆ ನಮೂದಿಸಿದ ಇನ್‌ವಾಯ್ಸ್ ಪಡೆದಿದ್ದರೆ ಉಪಕರಣದ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ವಾಹನವಿರುವ ವರ್ತಕನಿಗೆ ಸರಕು ವಾಹನದ ದುರಸ್ತಿ ಬಿಲ್ಲಿನ ತೆರಿಗೆ ಸಿಗುತ್ತದೆ, ಸ್ವಂತ ಓಡಾಟದ ಕಾರಿನದು ಸಾಮಾನ್ಯವಾಗಿ ಸಿಗದು. ಆದುದರಿಂದ ಪಿಕಪ್ ಮತ್ತು ಕಾರಿನ ದುರಸ್ತಿಯನ್ನು ಒಂದೇ ಬಿಲ್ಲಿನಲ್ಲಿ ಬರೆಸಕೂಡದು. ಪ್ರತಿ ಬಿಲ್ಲಿನಲ್ಲಿಯೂ ವಾಹನದ ಸಂಖ್ಯೆ ಇರಲೇಬೇಕು.