ತೋಟದ ಕೆಲಸಕ್ಕೆ ಎಂಥ ಕೈಗವಸು?

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ದುಡಿಯುವ ಕೈಯನ್ನು ಗೌರವಿಸುವ ಈ ಮಾತು ಸತ್ಯವಾದುದು. ಆದರೆ ಕೈಗೆ ಅಂಟಿದ ಕೆಸರನ್ನು ತೊಳೆದುಕೊಳ್ಳಬಹುದು. ಹುಣ್ಣಾದ ಕೈಯನ್ನು ತೊಳೆದು ಮೊದಲಿನಂತೆ ಮಾಡಲಾಗದು. ಆದುದರಿಂದ ಶಾಲೆಯ ಅಂಗಳದಲ್ಲಾಗಲಿ, ಮನೆಯ ಗ್ಯಾಲರಿಯ ಕುಂಡಗಳಲ್ಲಾಗಲಿ ಗಿಡ ಬೆಳೆಸುವ ವಿದ್ಯಾರ್ಥಿಗಳು ಕೈಗವಸುಗಳ ವಿಷಯವನ್ನು ತಿಳಿದಿರುವುದು ಅವಶ್ಯ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಪ್ರತಿ ಮಳೆಗಾಲದಲ್ಲಿಯೂ ಮಕ್ಕಳಿಗೆ ಕೈಗವಸು ತೊಡಿಸಿ, ನಾನು ಮಾತ್ರ ಬರಿಗೈಯಿಂದ ಕಳೆ ಕೀಳುತ್ತಿದ್ದೆ. ‘ಹೊಲದಲ್ಲಿ ಬೆಳೆದ ಕೈ, ಇದಕ್ಕೇನಾದೀತು!’ ಎಂಬ ಅಭಿಮಾನ ನನಗಿತ್ತು. ಎರಡು ವರುಷ ಏನೂ ಆಗಲಿಲ್ಲ. ಮೂರನೆಯ ವರುಷ ಮೊಣಕೈಯವರೆಗೆ ತುರಿಕೆಯೆದ್ದಿತು. ಆಗ ಬಟ್ಟೆಯ ಕೈಗವಸು ತೊಟ್ಟು ಕೆಲಸ ಮುಂದುವರಿಸಿದೆನು, ತುರಿಕೆ ಇಮ್ಮಡಿಯಾಯಿತು. ಹಲವು ದಿನ ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಯಿತು.

ಕಾರಣವೇನು? ಆ ಕಳೆಯ ಹೆಸರು ಪಾರ್ಥೇನಿಯಂ. ನಮ್ಮವರು ಅದನ್ನು ‘ಕಾಂಗ್ರೆಸ್ ಹುಲ್ಲು’ ಎನ್ನುವರು. ಅದರ ಎಲೆ ಗಜ್ಜರಿಯ ಎಲೆಯನ್ನು ಹೋಲುವುದರಿಂದ ಮರಾಠಿಯಲ್ಲಿ ಅದಕ್ಕೆ ‘ಗಾಜರ್ ಗವತ್’ ಎಂದು ಹೆಸರು. ಅಮೆರಿಕ ಖಂಡದ ಈ ಗಿಡವು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಜನರ ಗಮನಕ್ಕೆ ಬಂದು, ಮುಂದೆ ದೇಶದ ಬಹುಭಾಗವನ್ನು ವ್ಯಾಪಿಸಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ಶತ್ರು. ಅದು ಮೊದಲ ದಿನವೇ ತುರಿಕೆ ತರಬೇಕೆಂಬುದಿಲ್ಲ. ಪದೇ ಪದೇ ತಗಲಿದಾಗ ಶರೀರವು ಅದನ್ನು ಗುರುತಿಟ್ಟುಕೊಳ್ಳುತ್ತದೆ. ಆ ಮೇಲೆ ಸ್ವಲ್ಪ ಸೋಕಿದರೂ ಸಹಿಸುವುದಿಲ್ಲ. ಆದುದರಿಂದ ‘ಇಂದು ಏನೂ ಆಗಲಿಲ್ಲ’ ಎಂಬುದು ಧೈರ್ಯಕ್ಕೆ ಆಧಾರವಲ್ಲ.

ಬಟ್ಟೆಯ ಕೈಗವಸು ನನ್ನನ್ನು ಏಕೆ ಕಾಯಲಿಲ್ಲ? ಅದು ಗಿಡದ ರಸವನ್ನೂ ಮಳೆಯ ನೀರನ್ನೂ ಹೀರಿಕೊಂಡು, ಒದ್ದೆಯ ಪಟ್ಟಿಯಂತೆ ಚರ್ಮಕ್ಕೆ ಒತ್ತಿ ಹಿಡಿಯಿತು. ಹೀಗೆ ತಪ್ಪು ಕೈಗವಸು ಬರಿಗೈಗಿಂತಲೂ ಕೆಡುಕು ಮಾಡಬಲ್ಲುದು. ‘ಯಾವುದರಿಂದ ಕೈಯನ್ನು ಕಾಯಬೇಕು?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು; ಕೈಗವಸನ್ನು ಅನಂತರ ಕೊಳ್ಳಬೇಕು.

ಒಣಮಣ್ಣು ಸಡಿಲಿಸಲು, ಕುಂಡ ಎತ್ತಿಡಲು, ಒಣಗಿದ ಎಲೆ ಗುಡಿಸಲು ದಪ್ಪ ಹತ್ತಿಯ ಕೈಗವಸು ಸಾಕು. ಅದರಲ್ಲಿ ಗಾಳಿಯಾಡುವುದರಿಂದ ಕೈ ಬೆವರದು.

ಗುಲಾಬಿ, ಬೋಗನ್‌ವಿಲ್ಲಾ ಮೊದಲಾದ ಮುಳ್ಳಿನ ಗಿಡಗಳನ್ನು ಸವರಲು ತೊಗಲಿನ ಕೈಗವಸು ಬೇಕು. ಅದು ಮಣಿಕಟ್ಟನ್ನು ದಾಟಿ ಉದ್ದವಾಗಿದ್ದರೆ ಲೇಸು. ಮುಳ್ಳಿನ ಗಾಯವನ್ನು ಅಲಕ್ಷಿಸಬಾರದು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೇ ಇರುತ್ತವೆ. ಚುಚ್ಚಿದರೆ ಕೂಡಲೆ ಸಾಬೂನಿನಿಂದ ತೊಳೆದು ಹಿರಿಯರಿಗೆ ತಿಳಿಸಿರಿ. ಚುಚ್ಚುಮದ್ದಿನ ಅವಶ್ಯಕತೆಯನ್ನು ವೈದ್ಯರು ನಿರ್ಧರಿಸುವರು.

ಪಾರ್ಥೇನಿಯಂ ಕೀಳಲು, ಕಳ್ಳಿಯ ಹಾಲು, ಕಣಗಿಲೆಯ ರಸ ಸೋಕದಂತೆ ಕೆಲಸ ಮಾಡಲು ನೀರು ಒಳಸೇರದ ರಬ್ಬರಿನ ಇಲ್ಲವೆ ನೈಟ್ರೈಲಿನ ಕೈಗವಸು ತಕ್ಕುದು. ಸ್ವಾಭಾವಿಕ ರಬ್ಬರು ಕೆಲವರ ಮೈಗೆ ಒಗ್ಗುವುದಿಲ್ಲ. ಅಂಥವರಿಗೆ ನೈಟ್ರೈಲು ಒಳ್ಳೆಯದು. ಅಂಗಡಿಯಲ್ಲಿ ದೊರೆಯುವ ಎಷ್ಟೋ ಕೈಗವಸುಗಳಲ್ಲಿ ಅಂಗೈಗೆ ಮಾತ್ರ ಲೇಪವಿದ್ದು ಹಿಂಬದಿ ಬಟ್ಟೆಯಾಗಿರುತ್ತದೆ. ರಸವು ಆ ದಾರಿಯಿಂದ ಒಳಗೆ ಇಳಿಯುವುದು. ತಿರುಗಿಸಿ ನೋಡದೆ ಕೊಳ್ಳಬೇಡಿರಿ.

ಕೀಟನಾಶಕ ಸಿಂಪಡಿಸುವುದು ವಿದ್ಯಾರ್ಥಿಗಳ ಕೆಲಸವಲ್ಲ. ಆದರೆ ಮನೆಯ ಹಿರಿಯರಿಗೆ ಇಷ್ಟು ತಿಳಿಸಬಹುದು: ಆ ಕೆಲಸಕ್ಕೆ ಹತ್ತಿಯದೂ ತೊಗಲಿನದೂ ಸಲ್ಲದು, ಅವು ವಿಷವನ್ನು ಹೀರಿ ಉಳಿಸಿಕೊಳ್ಳುತ್ತವೆ. ಡಬ್ಬಿಯ ಚೀಟಿಯಲ್ಲಿ ಹೇಳಿದ ಬಗೆಯ ಕೈಗವಸನ್ನೇ ತೊಡಬೇಕು. ಕಳಚುವ ಮೊದಲು ಹೊರಮೈಯನ್ನು ತೊಳೆಯಬೇಕು.

ಇನ್ನು ಅಳತೆಯ ಮಾತು. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆಯನ್ನು ಪಟ್ಟಿಯಿಂದ ಅಳೆಯಿರಿ. ಸುಮಾರು 18 ಸೆಂಟಿಮೀಟರು, ಎಂದರೆ 7 ಅಂಗುಲವಾದರೆ, 7ನೆಯ ನಂಬರಿನ ಕೈಗವಸು ಹೊಂದುವುದು. ತೊಟ್ಟುಕೊಂಡು ನೆಲದ ಮೇಲಿನ ನಾಣ್ಯವನ್ನು ಎತ್ತಿ ನೋಡಿರಿ. ಎತ್ತಲಾಗದಿದ್ದರೆ ಅದು ನಿಮ್ಮ ಅಳತೆಯದಲ್ಲ, ಅಥವಾ ಸೂಕ್ಷ್ಮ ಕೆಲಸಕ್ಕೆ ತೀರ ದಪ್ಪ. ಸಡಿಲಾದ ಕೈಗವಸಿನಲ್ಲಿ ಕುಡುಗೋಲು ಜಾರುವ ಭಯವುಂಟು. ರಬ್ಬರಿನದಾದರೆ ಗಾಳಿ ತುಂಬಿ, ಬಾಯಿ ಹಿಂಡಿ, ನೀರಿನಲ್ಲಿ ಮುಳುಗಿಸಿರಿ. ಗುಳ್ಳೆ ಎದ್ದರೆ ತೂತಿದೆಯೆಂದು ತಿಳಿಯಿರಿ.

ಕೈಗವಸು ತೊಟ್ಟ ಕೈಯಿಂದ ಮುಖವನ್ನು ಮುಟ್ಟಬೇಡಿರಿ. ಕೆಲಸ ಮುಗಿದ ಮೇಲೆ ಅದನ್ನು ತೊಳೆದು ನೆರಳಿನಲ್ಲಿ ಆರಿಸಿರಿ. ತೊಗಲಿನದನ್ನು ಮಾತ್ರ ನೀರಿನಲ್ಲಿ ನೆನೆಸದೆ ಮಣ್ಣು ಕೊಡವಿ ಇಡಿರಿ. ನೆನೆದು ಒಣಗಿದ ತೊಗಲು ಬಿರುಸಾಗುವುದು.

ವಿದ್ಯಾರ್ಥಿಗಳೇ, ಅರ್ಧ ತಾಸು ಕುಂಡಗಳ ಮುಂದೆ ನಿಲ್ಲುವ ನಮಗೇ ಇಷ್ಟು ಎಚ್ಚರಿಕೆ ಬೇಕು. ಹಾಗಿರಲು, ದಿನವಿಡೀ ಉದ್ಯಾನದಲ್ಲಿ ದುಡಿಯುವ ಮಾಲಿಗೆ, ಊರಿನ ಹೊಲದಲ್ಲಿ ಕಸ ಕೀಳುವ ನಿಮ್ಮ ಅಜ್ಜಿಗೆ ಎಷ್ಟು ಬೇಕು! ರಜೆಯಲ್ಲಿ ಊರಿಗೆ ಹೋಗುವಾಗ ಅಜ್ಜಿಯ ಕೈಯ ಅಳತೆಗೆ ಹೊಂದುವ ಒಂದು ಜೊತೆಯನ್ನು ಒಯ್ಯಿರಿ. ‘ನನ್ನ ಕೈಗೇನಾದೀತು!’ ಎಂದು ಅವರು ನಕ್ಕರೆ, ನಿಮ್ಮ ಗುರುಗಳ ಕೈಯ ಕಥೆಯನ್ನು ಹೇಳಿರಿ.