ಬಫಲೋದಲ್ಲಿ ಉಳಿದದ್ದು, ಉರುಳಿದ್ದು

ಬಫಲೋ ನಗರದ ಮೇನ್ ಸ್ಟ್ರೀಟಿನಲ್ಲಿ ವಾರದ ನಡುವೆ, ಬೆಳಗಿನ ಹನ್ನೊಂದು ಗಂಟೆಗೆ ನಿಂತರೂ ಮೆಟ್ರೊ ರೈಲಿನ ಗಂಟೆ ಬಿಟ್ಟರೆ ಬೇರೆ ಸದ್ದು ಕಿವಿಗೆ ಬೀಳುವುದು ಕಡಿಮೆ. ನ್ಯೂಯಾರ್ಕ್ ರಾಜ್ಯದ ಎರಡನೇ ದೊಡ್ಡ ಊರು ಇದು. ಮಗಳ ಮನೆಯಿರುವ ಉಪನಗರದಲ್ಲಿ ಹಾಲು ತರಲು ಹೋದರೂ ಕಾರುಗಳ ಸಾಲು; ಊರಿನ ನಟ್ಟನಡುವೆ ಮಾತ್ರ ಅಗಲವಾದ ರಸ್ತೆಗಳು, ಎತ್ತರದ ಕಲ್ಲಿನ ಕಟ್ಟಡಗಳು, ಅಲ್ಲೊಬ್ಬರು ಇಲ್ಲೊಬ್ಬರು ಮನುಷ್ಯರು. "ಅಪ್ಪಾ, ಡೌನ್‌ಟೌನ್‌ನಲ್ಲಿ ನೋಡೋಕೆ ಏನೂ ಇಲ್ಲ" ಎಂದಿದ್ದಳು ಮಗಳು. ಇಲ್ಲಿಯ ನಮ್ಮವರೆಲ್ಲರ ಅಭಿಪ್ರಾಯವೂ ಅದೇ. ಕರ್ನಾಟಕದಿಂದ ಬಂದ ಅಪ್ಪ ಅಮ್ಮಂದಿರನ್ನು ನಯಾಗರ ಜಲಪಾತಕ್ಕೆ ಕರೆದೊಯ್ಯುವ ಕಾರುಗಳು ಈ ಊರನ್ನು ಹೆದ್ದಾರಿಯ ಮೇಲಿಂದಲೇ ದಾಟಿಬಿಡುತ್ತವೆ.

ನನಗೆ ಈ ಪೇಟೆಯನ್ನು ನೋಡುವ ಆಸೆ ಹುಟ್ಟಿದ್ದು ಕಸುಬಿನಿಂದ. ಕರ್ನಾಟಕ ವಿದ್ಯುತ್ ಮಂಡಳಿಗೆ (ಕೆಇಬಿ) ಸೇರಿದ ಹೊಸದರಲ್ಲಿ ಹಿರಿಯ ಎಂಜಿನಿಯರುಗಳು ಶಿವನಸಮುದ್ರದ ಕಥೆ ಹೇಳುವಾಗ ನಯಾಗರದ ಹೆಸರು ಬಂದೇ ಬರುತ್ತಿತ್ತು. ಕಾವೇರಿಯ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟದ್ದು 1902ರಲ್ಲಿ. ಅದಕ್ಕೆ ಆರು ವರ್ಷ ಮೊದಲು, 1896ರ ನವೆಂಬರಿನಲ್ಲಿ, ನಯಾಗರದ ವಿದ್ಯುತ್ತು ಸುಮಾರು 40 ಕಿಲೋಮೀಟರ್ ತಂತಿಯಲ್ಲಿ ಸಾಗಿ ಬಫಲೋ ಮುಟ್ಟಿತ್ತು. ದೂರದ ನೀರಿನಿಂದ ಒಂದು ಊರನ್ನು ನಡೆಸಬಹುದೆಂದು ಜಗತ್ತಿಗೆ ತೋರಿಸಿಕೊಟ್ಟ ಊರುಗಳಲ್ಲಿ ಇದು ಮೊದಲ ಸಾಲಿನದು. ಆ ತಂತಿ ಎಲ್ಲಿಗೆ ಬಂದು ಸೇರಿತೋ ಆ ಬೀದಿಗಳಲ್ಲಿ ಒಮ್ಮೆ ನಡೆಯಬೇಕೆನಿಸಿತ್ತು. ಹೆಂಡತಿ ಜೊತೆಗೆ ಹೊರಟಳು.

ಊರಿನ ಸಿರಿ ಬಂದದ್ದು ನೀರಿನ ದಾರಿಯಿಂದ. 1825ರಲ್ಲಿ ಈರಿ ಕಾಲುವೆ ತೆರೆದಾಗ ಅದರ ಪಶ್ಚಿಮದ ಕೊನೆ ಬಫಲೋ. ಅಮೆರಿಕದ ಮಧ್ಯಪಶ್ಚಿಮ ಭಾಗದ ಗೋಧಿ ದೊಡ್ಡ ಸರೋವರಗಳ ಹಡಗಿನಲ್ಲಿ ಇಲ್ಲಿಗೆ ಬಂದು, ದೋಣಿಗೆ ಬದಲಾಗಿ ನ್ಯೂಯಾರ್ಕಿನ ಬಂದರಿಗೆ ಹೋಗಬೇಕಿತ್ತು. ಹಮಾಲರು ಬೆನ್ನ ಮೇಲೆ ಹೊರುತ್ತಿದ್ದ ಧಾನ್ಯವನ್ನು 1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿ ಉಗಿ ಯಂತ್ರದಿಂದ ಎತ್ತಿ ಕಣಜಕ್ಕೆ ತುಂಬುವ ವ್ಯವಸ್ಥೆ ಮಾಡಿದ. ಧಾನ್ಯದ ಹಿಂದೆ ಬ್ಯಾಂಕು, ಬ್ಯಾಂಕಿನ ಹಿಂದೆ ರೈಲು, ಉಕ್ಕು ಎಲ್ಲ ಬಂದವು. ಹಣ ಬಂದ ಊರು ಅಮೆರಿಕದ ಅತ್ಯುತ್ತಮ ವಾಸ್ತುಶಿಲ್ಪಿಗಳನ್ನು ಕರೆಸಿತು. ನನ್ನ 1896ರ ತಂತಿಯ ವರ್ಷದಲ್ಲೇ ಪೇಟೆಯಲ್ಲಿ ಎರಡು ಮಹಾ ಕಟ್ಟಡಗಳು ಸಿದ್ಧವಾದವು.

ಮೊದಲನೆಯದು ಚರ್ಚ್ ಸ್ಟ್ರೀಟ್ ಮತ್ತು ಪರ್ಲ್ ಸ್ಟ್ರೀಟ್ ಕೂಡುವ ಮೂಲೆಯ ಗ್ಯಾರಂಟಿ ಬಿಲ್ಡಿಂಗ್. ಲೂಯಿ ಸಲಿವನ್ ಮತ್ತು ಡ್ಯಾಂಕ್‌ಮಾರ್ ಆಡ್ಲರ್ ಕಟ್ಟಿದ್ದು, ಹದಿಮೂರು ಅಂತಸ್ತು. ಇಂದಿನ ಲೆಕ್ಕದಲ್ಲಿ ಎತ್ತರವೇನಲ್ಲ. ಆದರೆ ಗೋಡೆಯ ಮೇಲೆ ಭಾರ ಹೊರಿಸದೆ ಉಕ್ಕಿನ ಹಂದರದ ಮೇಲೆ ಕಟ್ಟಡವನ್ನು ನಿಲ್ಲಿಸುವ ವಿದ್ಯೆ ಆಗಿನ್ನೂ ಎಳೆಯದು. ಎತ್ತರದ ಕಟ್ಟಡವೆಂದರೆ ಗಿಡ್ಡ ಕಟ್ಟಡಗಳನ್ನು ಒಂದರ ಮೇಲೊಂದು ಪೇರಿಸಿದ್ದಲ್ಲ, ಅದು ತನ್ನ ಎತ್ತರವನ್ನೇ ಹಾಡಬೇಕು ಎಂದು ನಂಬಿದವನು ಸಲಿವನ್. ಕೆಳಗೆ ಅಂಗಡಿಗಳಿಗೆ ತೆರೆದ ನೆಲೆ, ನಡುವೆ ಒಂದೇ ಓಟದಲ್ಲಿ ಮೇಲೇರುವ ಕಂಬಸಾಲುಗಳು, ತುದಿಯಲ್ಲಿ ದುಂಡು ಕಿಟಕಿಗಳು, ಹೊರಕ್ಕೆ ಬಾಗಿದ ಸೂರಂಚು. ಮೈತುಂಬ ಕೆಂಗಂದು ಟೆರಾಕೋಟಾ, ಅದರ ತುಂಬ ಬಳ್ಳಿ, ಎಲೆ, ಬೀಜಕೋಶ.

ಹೆಂಡತಿ ಗೋಡೆಗೆ ಹತ್ತಿರ ಹೋಗಿ ಬೆರಳಾಡಿಸಿದಳು. "ರೀ, ಒಂದು ಅಂಗುಲ ಖಾಲಿ ಬಿಟ್ಟಿಲ್ಲ ನೋಡಿ, ನಮ್ಮ ಸೋಮನಾಥಪುರದ ಹಾಗೆ" ಎಂದಳು. ಕಣ್ಣಿಗೆ ಹೌದು. ಕೆಲಸದ ರೀತಿ ಮಾತ್ರ ಬೇರೆ. ಸೋಮನಾಥಪುರದಲ್ಲಿ ಉಳಿ ಹಿಡಿದ ಕೈ ಒಂದೊಂದು ಎಲೆಯನ್ನೂ ಬಳಪದ ಕಲ್ಲಿನಲ್ಲಿ ಹೊಸದಾಗಿ ಕೊರೆಯಿತು. ಇಲ್ಲಿ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ, ಸುಟ್ಟು, ಅದೇ ವಿನ್ಯಾಸವನ್ನು ಸಾಲುಸಾಲಾಗಿ ಜೋಡಿಸಿದ್ದಾರೆ. ಆದ್ದರಿಂದಲೇ ಒಡೆದ ತುಂಡಿನ ಅಚ್ಚು ತೆಗೆದು ಹೊಸ ತುಂಡನ್ನು ಸುಡಲೂ ಬರುತ್ತದೆ. ಇದು ಸಣ್ಣ ಸಂಗತಿಯಲ್ಲ. ಈ ಕಟ್ಟಡದ ಪ್ರಾಣ ಉಳಿದದ್ದರಲ್ಲಿ ಅದಕ್ಕೂ ಪಾಲಿದೆ.

1974ರಲ್ಲಿ ಇಲ್ಲಿ ಬೆಂಕಿ ಬಿತ್ತು. ಆ ಹೊತ್ತಿಗೆ ಊರು ಇಳಿದಿತ್ತು, ಕಟ್ಟಡ ಅರೆಖಾಲಿಯಾಗಿತ್ತು. ಕೆಡವಿಬಿಡುವ ಮಾತು ಎದ್ದಿತು. ಸಲಿವನ್‌ನದೇ ಷಿಕಾಗೊ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು ಅದಕ್ಕೆ ಎರಡು ವರ್ಷ ಮೊದಲಷ್ಟೆ ಕೆಡವಿದ್ದರು. ಅದರ ಚೂರುಗಳನ್ನಾದರೂ ಉಳಿಸಲು ಒಳಹೊಕ್ಕ ಛಾಯಾಗ್ರಾಹಕ ರಿಚರ್ಡ್ ನಿಕಲ್ ಕುಸಿತಕ್ಕೆ ಸಿಕ್ಕಿ ಜೀವ ಕಳೆದುಕೊಂಡ. ಬಫಲೋದ ಜನ ಸುಮ್ಮನಿರಲಿಲ್ಲ. ಊರಿನ ಸಂರಕ್ಷಣಾಸಕ್ತರು ಹೋರಾಡಿದರು, ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಬೆಂಬಲಕ್ಕೆ ನಿಂತರು, 1980ರ ದಶಕದ ಮೊದಲಲ್ಲಿ ದುರಸ್ತಿಯಾಯಿತು. ಒಡೆದ ಟೆರಾಕೋಟಾಕ್ಕೆ ಬದಲಿ ಮಾಡಿಕೊಟ್ಟದ್ದು ಊರ ಹೊರಗಿನ ಬಾಸ್ಟನ್ ವ್ಯಾಲಿ ಎಂಬ ಕಾರ್ಖಾನೆ. ಅಲ್ಲಿಯವರೆಗೆ ಅಲ್ಲಿ ತಯಾರಾಗುತ್ತಿದ್ದದ್ದು ಹೂವಿನ ಕುಂಡ. ಗ್ಯಾರಂಟಿ ಬಿಲ್ಡಿಂಗಿನಿಂದ ಆರಂಭಿಸಿ ಅವರು ಇಂದು ದೇಶದ ನಾನಾ ಊರುಗಳ ಹಳೆಯ ಕಟ್ಟಡಗಳಿಗೆ ಟೆರಾಕೋಟಾ ಮಾಡಿಕೊಡುತ್ತಾರೆ. ಒಂದು ದುರಸ್ತಿ ಒಂದು ಕಸುಬನ್ನೇ ಹುಟ್ಟಿಸಿತು. ಕಟ್ಟಡದಲ್ಲಿ ಈಗ ವಕೀಲರ ಕಚೇರಿ ಇದೆ. ಕಂಚಿನ ಬಣ್ಣದ ಮೆಟ್ಟಿಲ ಕಟಾಂಜನ, ಮೊಸಾಯಿಕ್ ಪಟ್ಟಿ, ಬಣ್ಣದ ಗಾಜಿನ ಚಾವಣಿ ಇರುವ ನೆಲಮಹಡಿಯ ಹಜಾರವನ್ನು ಹೊರಗಿನವರೂ ನೋಡಬಹುದು.

ಎರಡನೆಯದು ಎಲಿಕಾಟ್ ಸ್ಕ್ವೇರ್ ಬಿಲ್ಡಿಂಗ್. ಡೇನಿಯಲ್ ಬರ್ನಮ್ ಕಟ್ಟಿದ ಹತ್ತು ಅಂತಸ್ತಿನ, ಇಡೀ ಒಂದು ಚೌಕವನ್ನು ತುಂಬಿದ ಇದು ಆಗ ಜಗತ್ತಿನ ಅತಿ ದೊಡ್ಡ ಕಚೇರಿ ಕಟ್ಟಡ. ಹೊರಗಿನಿಂದ ಗಂಭೀರ, ಸ್ವಲ್ಪ ಕಳೆಗುಂದಿದಂತೆಯೂ ಕಾಣುತ್ತದೆ. ಬಾಗಿಲು ತಳ್ಳಿ ಒಳಗೆ ಹೋದರೆ ನಡುವೆ ಗಾಜಿನ ಮಾಡಿನ ದೊಡ್ಡ ಅಂಗಳ, ಎರಡು ತುದಿಯಲ್ಲಿ ಬಾಗಿ ಏರುವ ಕಬ್ಬಿಣದ ಮೆಟ್ಟಿಲು. 1930ರ ಸುಮಾರಿಗೆ ಹಾಸಿದ ನೆಲ ಲಕ್ಷಾಂತರ ಅಮೃತಶಿಲೆಯ ಚೂರುಗಳ ಮೊಸಾಯಿಕ್. ನಾನಾ ನಾಗರಿಕತೆಗಳ ಸೂರ್ಯ ಚಿಹ್ನೆಗಳು ಅದರಲ್ಲಿವೆ, ನಮ್ಮ ಕಣ್ಣಿಗೆ ಪರಿಚಿತವಾದ ಸ್ವಸ್ತಿಕವೂ ಇದೆ. ಮೇಜಿನ ಹಿಂದೆ ಕೂತಿದ್ದ ಕಾವಲುಗಾರರನ್ನು ಮಾತಾಡಿಸಿದೆ. "ಹಿಂದೆ ಮಧ್ಯಾಹ್ನ ಊಟದ ಹೊತ್ತಿಗೆ ಇಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು. ಈಗ ನಿಮಗೆ ಶಾಂತಿ ಸಿಗುತ್ತದೆ, ಆ ಕಾಫಿ ಅಂಗಡಿಯವನಿಗೆ ಗಿರಾಕಿ ಸಿಗಬೇಕಲ್ಲ?" ಎಂದರು. ಆಮೇಲೆ ಎದ್ದುಬಂದು, 1896ರಲ್ಲಿ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಚಲನಚಿತ್ರ ತೋರಿಸಲೆಂದೇ ಒಂದು ಮಂದಿರ ತೆರೆದಿತ್ತು ಎಂದೂ ಹೇಳಿದರು. ಅಮೆರಿಕದ ಮೊದಮೊದಲ ಸಿನಿಮಾ ಮಂದಿರಗಳಲ್ಲಿ ಅದೊಂದು.

ಅವರ ಮಾತು ಮನಸ್ಸಿನಲ್ಲಿ ಕೂತಿತು. ಪ್ರವಾಸಿಯ ಶಾಂತಿ ಆ ಊರಿನ ನಷ್ಟ. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದಾಗ ಹಡಗುಗಳು ಬಫಲೋವನ್ನು ಬದಿಗಿಟ್ಟು ನೇರ ಸಮುದ್ರಕ್ಕೆ ಹೋದವು. 1980ರ ದಶಕದ ಆರಂಭದಲ್ಲಿ ಪಕ್ಕದ ಲಾಕವಾನದ ಉಕ್ಕಿನ ಕುಲುಮೆಗಳು ಆರಿದವು. ವಿಶ್ವವಿದ್ಯಾಲಯದ ಹೊಸ ಆವರಣವನ್ನು ಪೇಟೆಯಲ್ಲಿ ಕಟ್ಟದೆ ಹೊರವಲಯದ ಆಮ್‌ಹರ್ಸ್ಟ್‌ನಲ್ಲಿ ಕಟ್ಟಿದರು. ಸಾವಿರಾರು ವಿದ್ಯಾರ್ಥಿಗಳು ಅಲ್ಲಿಗೇ ಹೋದರು, ನನ್ನ ಮಗಳೂ ಓದಿದ್ದು ಅಲ್ಲಿಯೇ. 1950ರಲ್ಲಿ 5,80,000 ಇದ್ದ ಜನಸಂಖ್ಯೆ 2010ರ ಹೊತ್ತಿಗೆ 2,61,000ಕ್ಕೆ ಇಳಿದಿತ್ತು. 2020ರ ಗಣತಿಯಲ್ಲಿ ಅದು 2,78,000 ಆಯಿತು. ಎಪ್ಪತ್ತು ವರ್ಷಗಳಲ್ಲಿ ಮೊದಲ ಏರಿಕೆ.

ಬಡತನವೇ ಬಫಲೋದ ಕಟ್ಟಡಗಳನ್ನು ಕಾಯಿತು, ಹೊಸದು ಕಟ್ಟಲು ಹಣವಿಲ್ಲದ್ದರಿಂದ ಹಳೆಯದು ಉಳಿಯಿತು ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಇನ್ನರ್ಧ ನೋಡಬೇಕಾದರೆ ಸಿಟಿ ಹಾಲಿನ ಮೇಲೆ ಹತ್ತಬೇಕು.

ನಯಾಗರ ಸ್ಕ್ವೇರಿನಲ್ಲಿ ನಿಂತಿರುವ 32 ಅಂತಸ್ತಿನ ಸಿಟಿ ಹಾಲ್ 1931ರದು, ಆರ್ಟ್ ಡೆಕೊ ಶೈಲಿಯ ಮೇರು ಕೃತಿ. ಮುಂಬಾಗಿಲ ಮೇಲೆ ದುಡಿಯುವವರ ಶಿಲ್ಪಪಟ್ಟಿ, ನೆತ್ತಿಯಲ್ಲಿ ಬಣ್ಣದ ಹಂಚುಗಳ ಕಿರೀಟ. ಎಂಜಿನಿಯರನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಒಂದು ಏರ್ಪಾಡು. ಪಶ್ಚಿಮದಲ್ಲಿ ಈರಿ ಸರೋವರ. ಅದರ ಮೇಲಿಂದ ಸದಾ ಬೀಸುವ ಗಾಳಿಯನ್ನು ಕಿಂಡಿಗಳಲ್ಲಿ ಹಿಡಿದು, ನೆಲದಡಿಯ ನಾಳಗಳಲ್ಲಿ ತಂಪಾಗಿಸಿ, ಕಚೇರಿಗಳಿಗೆ ಹರಿಸುವಂತೆ ವಿನ್ಯಾಸ ಮಾಡಿದ್ದರು. ಅದಕ್ಕೆ ಒಂದು ಯೂನಿಟ್ ವಿದ್ಯುತ್ತೂ ಬೇಡ. ವಿದ್ಯುತ್ತಿನಿಂದ ಹೆಸರಾದ ಊರು ಗಾಳಿಯನ್ನೂ ಹೀಗೆ ದುಡಿಸಿಕೊಂಡಿತ್ತಲ್ಲ ಎಂದು ಹೆಮ್ಮೆಯಾಯಿತು.

ಲಿಫ್ಟು 25ನೇ ಮಹಡಿಯವರೆಗೆ. ಅಲ್ಲಿಂದ ಮೆಟ್ಟಿಲು ಹತ್ತಿ 28ನೇ ಮಹಡಿಯ ಮೊಗಸಾಲೆಗೆ ಹೋಗಬೇಕು. ದುಡ್ಡು ಕೇಳುವುದಿಲ್ಲ. ಮಂಡಿನೋವಿನ ಹೆಂಡತಿಯೂ ನಿಧಾನವಾಗಿ ಹತ್ತಿದಳು. ಮೇಲೆ ನಿಂತರೆ ಸರೋವರ, ಆಚೆ ದಡದಲ್ಲಿ ಕೆನಡಾ. ಕೆಳಗೆ 1804ರಲ್ಲಿ ಜೋಸೆಫ್ ಎಲಿಕಾಟ್ ಹಾಕಿದ ನಕ್ಷೆ, ಚೌಕದಿಂದ ಕಿರಣಗಳಂತೆ ಹೊರಡುವ ಬೀದಿಗಳು. ಆ ಬೀದಿಗಳ ನಡುವೆ ಬರೀ ಡಾಂಬರಿನ ಬಯಲುಗಳೂ ಕಾಣುತ್ತವೆ. ಕಾರು ನಿಲ್ಲಿಸುವ ಜಾಗಗಳು. ಎಷ್ಟೋ ಕಡೆ ಅಲ್ಲಿ ಕಟ್ಟಡಗಳಿದ್ದವು. ಜಾರ್ಜ್ ಪೋಸ್ಟ್ ಕಟ್ಟಿದ ಕೋಟೆಯಂಥ ಈರಿ ಕೌಂಟಿ ಸೇವಿಂಗ್ಸ್ ಬ್ಯಾಂಕನ್ನು 1968ರಲ್ಲಿ ಉರುಳಿಸಿದ್ದು ಮಾಲ್ ಕಟ್ಟಲು. ಫ್ರಾಂಕ್ ಲಾಯ್ಡ್ ರೈಟ್ 1906ರಲ್ಲಿ ಮುಗಿಸಿದ, ಕಚೇರಿ ಕಟ್ಟಡವೆಂದರೆ ಹೇಗಿರಬಹುದೆಂದು ಜಗತ್ತಿಗೆ ಕಲಿಸಿದ ಲಾರ್ಕಿನ್ ಕಟ್ಟಡ ಪೇಟೆಗೆ ಸ್ವಲ್ಪ ಪೂರ್ವಕ್ಕಿತ್ತು. ಅದನ್ನು 1950ರಲ್ಲಿ ನೆಲಸಮ ಮಾಡಿದರು. ಇಂದು ಅಲ್ಲಿ ಬೇಲಿಯ ಒಂದು ಇಟ್ಟಿಗೆ ಕಂಬ ಉಳಿದಿದೆ. ನಾವು ಹೋಗಿ ನೋಡಿದೆವು, ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಂದರೆ ಬಡತನ ಕಾಯಲೂ ಇಲ್ಲ, ಕೊಲ್ಲಲೂ ಇಲ್ಲ. ಒಳಗೆ ದಿನನಿತ್ಯದ ಕೆಲಸ ನಡೆಯುವ, ಬಿದ್ದುಹೋಗುತ್ತದೆ ಎಂದಾಗ ನಾಲ್ಕು ಜನ ಬೀದಿಗಿಳಿದ ಕಟ್ಟಡ ಉಳಿಯಿತು. ಎರಡೂ ಇಲ್ಲದ್ದು ಹೋಯಿತು. 1926ರ ಷೇಯ್ಸ್ ರಂಗಮಂದಿರವನ್ನು 1970ರ ದಶಕದಲ್ಲಿ ಊರ ನಾಗರಿಕರ ಗುಂಪು ಉಳಿಸಿತು, ಇಂದಿಗೂ ಅಲ್ಲಿ ನಾಟಕ ನಡೆಯುತ್ತದೆ. 1901ರ ಹಳೆಯ ಅಂಚೆ ಕಚೇರಿ ಕಾಲೇಜಾಗಿದೆ. ಇವಾವುವೂ ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುಗಳಲ್ಲ.

ಇಂಥ ಪೇಟೆಗೆ ಹೋಗುವವರಿಗೆ ನಾನು ಕಂಡುಕೊಂಡ ಒಂದೆರಡು ಮಾತು. ವಾರದ ದಿನವೇ ಹೋಗಿ. ಭಾನುವಾರ ಹೊರಮೈ ಮಾತ್ರ ಕಾಣುತ್ತದೆ, ಸೊಬಗಿನ ಅರ್ಧ ಭಾಗ ಬಾಗಿಲ ಹಿಂದೆ ಇರುತ್ತದೆ. ಎದುರು ಫುಟ್‌ಪಾತಿನಲ್ಲಿ ನಿಂತು ಕತ್ತೆತ್ತಿ ನೋಡಿ, ಕೆಳಗಿನ ಅಂತಸ್ತನ್ನು ಅಂಗಡಿಗಳು ಎಷ್ಟೋ ಸಲ ಬದಲಾಯಿಸಿರುತ್ತವೆ, ಮೇಲಿನದು ಹಾಗೇ ಇರುತ್ತದೆ. ಕಾವಲುಗಾರರನ್ನು ಮಾತಾಡಿಸಿ, ಒಳಗೆ ನೋಡಬಹುದೇ ಎಂದು ಕೇಳಿ. ನಮ್ಮನ್ನು ಯಾರೂ ತಡೆಯಲಿಲ್ಲ. ಇಷ್ಟು ದೂರದಿಂದ ಬಂದವರೆಂದು ಖುಷಿಪಟ್ಟವರೇ ಹೆಚ್ಚು. ಕಾರು ಬೇಡ. ಮೆಟ್ರೊ ರೈಲು ಪೇಟೆಯೊಳಗೆ ನೆಲದ ಮೇಲೆ ಓಡುವಷ್ಟು ದೂರಕ್ಕೆ ಟಿಕೆಟ್ಟೇ ಇಲ್ಲ. ಅಲ್ಲಿನ ಅಂಗಡಿಯಲ್ಲೇ ಕಾಫಿ ಕುಡಿಯಿರಿ, ಆ ಎರಡು ಡಾಲರೂ ಪೇಟೆಯನ್ನು ಬದುಕಿಸುತ್ತದೆ.

ನಾನು ಮೈಸೂರಿನವನು. ನಮ್ಮ ಊರಿನ ನಡುವಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಆಗಿನಿಂದ ಕೆಡವಿ ಹೊಸದು ಕಟ್ಟಬೇಕೆನ್ನುವವರು ಒಂದು ಕಡೆ, ದುರಸ್ತಿ ಮಾಡಬೇಕೆನ್ನುವವರು ಇನ್ನೊಂದು ಕಡೆ. ಸತ್ತವರ ನೆನಪಿಟ್ಟುಕೊಂಡೇ ನಾನು ಇದನ್ನು ಬರೆಯುತ್ತಿದ್ದೇನೆ: ಕುಸಿದದ್ದು ಹಳೆಯದಾಗಿದ್ದಕ್ಕಲ್ಲ, ನೋಡಿಕೊಳ್ಳದಿದ್ದಕ್ಕೆ. ಸುಣ್ಣದ ಗಾರೆ ಅರೆದು ಕೆಲಸ ಮಾಡಬಲ್ಲ ಮೇಸ್ತ್ರಿಗಳು, ಮದ್ರಾಸ್ ತಾರಸಿ ಹಾಕಬಲ್ಲ ಕೈಗಳು ನಮ್ಮಲ್ಲಿ ಇನ್ನೂ ಇವೆ. ಕೆಲಸ ಸಿಕ್ಕರೆ ಅವರ ಮಕ್ಕಳೂ ಕಲಿಯುತ್ತಾರೆ. ನಿಮ್ಮ ಊರಿನ ಯಾವುದೇ ಹಳೆಯ ಕಟ್ಟಡವನ್ನು ಕೆಡವುವ ಪ್ರಸ್ತಾವ ಬಂದರೆ, ಪರ ವಿರೋಧಕ್ಕೆ ಮೊದಲು ದುರಸ್ತಿಯ ಅಂದಾಜು ಪಟ್ಟಿಯನ್ನು ಬರಹದಲ್ಲಿ ಕೊಡಿ ಎಂದು ನಗರಸಭೆಯನ್ನು ಕೇಳಿ. ಕೊಡುವವರೆಗೆ ಕೇಳುತ್ತಲೇ ಇರಿ.