ಇಟ್ಟಿಗೆಗೆ ಮೊದಲು ಮಣ್ಣು ನೋಡಿ

ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಬೇಕೆಂದಿದ್ದೀರಾ? ತುಂಬ ಸಂತೋಷ. ಆದರೆ ಒತ್ತುವ ಯಂತ್ರ ತರಿಸುವ ಮುನ್ನ ನಿಮ್ಮ ಮಣ್ಣನ್ನು ಪರೀಕ್ಷಿಸಿ. ಬೇರು, ಗೊಬ್ಬರ ಬೆರೆತ ಮೇಲ್ಮಣ್ಣು ತೋಟಕ್ಕಿರಲಿ. ಅದರಡಿಯ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ಪದರವಾಗಿ ಕಾಣುತ್ತದೆ. ಜೇಡಿ ಹೆಚ್ಚಿದ್ದರೆ ಇಟ್ಟಿಗೆ ನೆನೆದಾಗ ಹಿಗ್ಗಿ, ಒಣಗಿದಾಗ ಬಿರಿಯುತ್ತದೆ, ಮರಳು ಬೆರೆಸಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ್ದು, ಮಣ್ಣಿಗೆ ಸಿಮೆಂಟ್ ಬೆರೆಸಿ ಒತ್ತುವ ಈ ಇಟ್ಟಿಗೆಯ ವಿದ್ಯೆ. ಹದವಾದ ಕೆಂಪು ಮಣ್ಣಿಗೆ ಸಾಮಾನ್ಯವಾಗಿ ಶೇ. 7ರಷ್ಟು ಸಿಮೆಂಟ್ ಸಾಕು. ಎರೆಮಣ್ಣಿಗೆ ಸುಣ್ಣವೂ ಬೇಕಾಗುತ್ತದೆ. ಒತ್ತಿದ ಇಟ್ಟಿಗೆಗೆ ಮೂರು ವಾರ ನೀರುಣಿಸಿ. ಮೇಸ್ತ್ರಿ ಎಷ್ಟೇ ಅವಸರಪಡಿಸಿದರೂ ಅಲ್ಲಿಯವರೆಗೆ ಗೋಡೆ ಏಳಿಸಬೇಡಿ.